ಲಾಂಚಿನ ಮೇಲೆ ಕೈಕೊಟ್ಟ ಕಾರು

ಗುಡುಗಣ್ಣ ಅಂದರೆ ನಮ್ಮ ಪೇಟೆಯಲ್ಲಿ ಸಲೂನು ಇಟ್ಟುಕೊಂಡಿದ್ದ ಕ್ಷೌರಿಕ. ಅವನ ಮಾತು ಮೆತ್ತಗೆ, ಕೈ ಇನ್ನೂ ಮೆತ್ತಗೆ. ಆ ಹೆಸರು ಬಂದದ್ದು ಅವನ ಕಾರಿನಿಂದ. ಉದ್ದ ಮೂತಿಯ, ಎರಡೇ ಬಾಗಿಲಿನ ಹಳೇ ಕಾರು. ಗುಜರಿಯಿಂದ ತಂದು, ನಾಲ್ಕು ವರ್ಷ ವಾರದ ರಜೆಯನ್ನೆಲ್ಲ ಅದರ ಹೊಟ್ಟೆಯ ಕೆಳಗೇ ಕಳೆದು, ಮೊದಲಿದ್ದ ಎಂಜಿನ್ ಕಿತ್ತು ಎಂಟು ಸಿಲಿಂಡರಿನ ಭಾರೀ ಎಂಜಿನ್ ಕೂರಿಸಿದ್ದ. ಅದಕ್ಕೆ ತಕ್ಕ ದಪ್ಪ ಸೈಲೆನ್ಸರ್ ಪೈಪುಗಳನ್ನೂ ಹಾಕಿದ್ದ. ಅದು ಬೀದಿಗಿಳಿದರೆ ಅಕ್ಕಪಕ್ಕದ ಮನೆಗಳಲ್ಲಿ ಪಾತ್ರೆಗಳ ಮುಚ್ಚಳ ಕುಣಿಯುತ್ತಿದ್ದವು.

ಕಾರಿಗೆ ಇದ್ದದ್ದು ಒಂದೇ ರೋಗ. ತಣ್ಣಗಿದ್ದಾಗ ಚಾವಿ ತಿರುಗಿಸಿದ ತಕ್ಷಣ ಎದ್ದು ಕೂರುತ್ತಿತ್ತು. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಆಫ್ ಮಾಡಿದಿರೋ, ಮುಗಿಯಿತು. ಮತ್ತೆ ಚಾವಿ ತಿರುಗಿಸಿದರೆ ಒಳಗೆಲ್ಲೋ ‘ಟಕ್’ ಅನ್ನುವ ಸದ್ದು, ಅಷ್ಟೇ. ಒಂದು ಗಂಟೆ ಆರಿದ ಮೇಲೆ, ಏನೂ ನಡೆದೇ ಇಲ್ಲವೆಂಬ ಮುಖ ಮಾಡಿಕೊಂಡು ತಾನಾಗಿ ಸ್ಟಾರ್ಟ್ ಆಗುತ್ತಿತ್ತು.

ಸಲೂನಿನ ಕುರ್ಚಿಯಲ್ಲಿ ಕತ್ತು ಬಗ್ಗಿಸಿ ಕೂತವರೆಲ್ಲ ಅದಕ್ಕೆ ಮದ್ದು ಹೇಳಿದರು. ಒಬ್ಬರು ಬ್ಯಾಟರಿ ಅಂದರು. ಲಾರಿಗೆ ಹಾಕುವಂಥದ್ದು ತಂದು ಹಾಕಿದ. ಇನ್ನೊಬ್ಬರು ಎಂಜಿನ್ ತಿರುಗಿಸುವ ಸೆಲ್ಫ್ ಮೋಟರೇ ಹೋಗಿದೆ ಅಂದರು. ಅದನ್ನು ಎರಡು ಸಲ ಬದಲಾಯಿಸಿದ. ಪೋಸ್ಟ್ ಮಾಸ್ತರರು ಪೆಟ್ರೋಲ್ ಪೈಪಿಗೆ ಒದ್ದೆ ಬಟ್ಟೆ ಸುತ್ತಲು ಹೇಳಿದರು. ಎಂಜಿನ್ ತಿರುಗುವುದೇ ಇಲ್ಲ, ಇನ್ನು ಪೆಟ್ರೋಲಿನ ಮಾತೆಲ್ಲಿ ಬಂತು ಎಂದು ತಿಳಿದಿದ್ದರೂ ಹಿರಿಯರ ಮಾತೆಂದು ಅದನ್ನೂ ಸುತ್ತಿದ. ಮೆಕ್ಯಾನಿಕ್ ಮಾತ್ರ ಕೈ ಒರೆಸಿಕೊಂಡು, “ಇದ್ದ ಹಾಗೆ ಬಿಟ್ಟಿದ್ರೆ ಇದೆಲ್ಲ ಇರ್ತಿರಲಿಲ್ಲ. ಕೆಣಕಿದ್ದೀರಿ, ಅನುಭವಿಸಿ” ಅಂದ.

ಕೊನೆಗೆ ಗುಡುಗಣ್ಣ ತನ್ನದೇ ಉಪಾಯ ಕಂಡುಕೊಂಡ: ಆಫ್ ಮಾಡುವುದೇ ಬೇಡ. ಅವನು ಅಂಗಡಿಯೊಳಗೆ ಸಾಬೂನು ಆರಿಸುವಾಗ ಹೆಂಡತಿ ಹೊರಗೆ ಓಡುತ್ತಿರುವ ಎಂಜಿನ್ನಿಗೆ ಕಾವಲು. ಪೆಟ್ರೋಲ್ ಬಂಕು ಮನೆಯಿಂದ ನೂರು ಹೆಜ್ಜೆ ದೂರವಿತ್ತು. ಅಲ್ಲಂತೂ ಆಫ್ ಮಾಡಲೇಬೇಕು, ಹಾಗಾಗಿ ಬೆಳಗ್ಗೆ ಎದ್ದವನೇ, ಕಾರಿಗೆ ಬಿಸಿ ತಗಲುವ ಮೊದಲೇ ಅಲ್ಲಿಗೆ ಹೋಗಿ ಬರುತ್ತಿದ್ದ.

ಮನೆಯ ಮಹಡಿ ಕೋಣೆಯಲ್ಲಿ ಅವನ ಅತ್ತೆ ಇದ್ದರು, ಹೆಂಡತಿಯ ತಾಯಿ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಎಕ್ಸ್‌ಚೇಂಜ್ ಎಂದರೆ ‘ಹಲೋ, ಹಲೋ’ ಅನ್ನುವ ಕೆಲಸ ಎಂದೇ ಅಳಿಯ ತಿಳಿದಿದ್ದ. ಆದರೆ ಅವರು ಕೆಲಸ ಮಾಡಿದ್ದು ಹಿಂದಿನ ಕೋಣೆಯಲ್ಲಿ, ಆಳೆತ್ತರದ ಚೌಕಟ್ಟುಗಳ ನಡುವೆ. ಅಲ್ಲಿ ಸಾವಿರಾರು ರಿಲೇಗಳು. ರಿಲೇ ಎಂದರೆ, ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟಿಗೆ ಬಾಗಿಲು ತೆಗೆಯುವ ಪುಟ್ಟ ಸ್ವಿಚ್ಚು. ಅವುಗಳ ಟಕಟಕದಲ್ಲಿ ಯಾವುದು ಸೋಮಾರಿಯಾಗಿದೆ ಎಂದು ಅತ್ತೆ ಕಿವಿಯಲ್ಲೇ ಹೇಳುತ್ತಿದ್ದರಂತೆ. ಆಮೇಲೆ ಸದ್ದೇ ಮಾಡದ ಹೊಸ ಯಂತ್ರಗಳು ಬಂದವು. ಕೊನೆಯ ಆರು ವರ್ಷ ಅವರನ್ನು ಕಾಗದಗಳಿಗೆ ಸೀಲು ಒತ್ತಲು ಕೂರಿಸಿದರು. ಅದರ ಬಗ್ಗೆ ಅವರು ಯಾರ ಹತ್ತಿರವೂ ಏನೂ ಅಂದವರಲ್ಲ. ಅವರನ್ನು ಕೇಳಿದವರೂ ಇಲ್ಲ.

ಒಂದು ಬುಧವಾರ ಅತ್ತೆಗೆ ಹೊಳೆಯಾಚೆಯ ಊರಿಗೆ ಹೋಗಬೇಕಾಯಿತು. ಎಕ್ಸ್‌ಚೇಂಜಿನ ಹಳೇ ಗೆಳತಿಯೊಬ್ಬಳ ಮನೆಯಲ್ಲಿ ನಿವೃತ್ತರೆಲ್ಲ ಸೇರುವುದಿತ್ತು. “ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ ಅತ್ತೆ, ನಾನೇ ಬಿಡ್ತೀನಿ” ಎಂದು ಗುಡುಗಣ್ಣ ಹೊರಟ. ಮುಕ್ಕಾಲು ಗಂಟೆಯ ದಾರಿ, ಆಮೇಲೆ ವಾಹನಗಳನ್ನು ದಾಟಿಸುವ ಲಾಂಚು. ಲಾಂಚಿಗೆ ಮೊದಲು ಹತ್ತಿದ್ದೂ ಇವನೇ. ಅದರ ಮೂತಿಯ ತುದಿಯಲ್ಲೇ ಕಾರು ನಿಲ್ಲಿಸಿ ಹೊಳೆ ನೋಡುತ್ತಿದ್ದಾಗ ಲಾಂಚಿನವನು ಬಾನೆಟ್ ತಟ್ಟಿದ.

“ಎಂಜಿನ್ ಆಫ್ ಮಾಡಿ.”

“ಸಣ್ಣಗೆ ಓಡ್ತಿರಲಿ ಸಾರ್. ಅದರ ಪಾಡಿಗೆ ಅದಿರುತ್ತೆ.”

“ಇದು ಸಣ್ಣಗಾ? ನಮ್ಮ ಲಾಂಚಿನ ಎಂಜಿನ್ನೇ ನಂಗೆ ಕೇಳಿಸ್ತಿಲ್ಲ. ಆಫ್ ಮಾಡಿ, ಇಲ್ಲಾ ಇಳೀರಿ.”

ಗುಡುಗಣ್ಣ ಆಫ್ ಮಾಡಿದ. ಹೊಳೆ ದಾಟಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರದ ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿ ಮುಟ್ಟಿ ನೋಡಿದ. ಆಚೆ ದಡ ಬಂತು, ಹಲಗೆ ಇಳಿಯಿತು, ಚಾವಿ ತಿರುಗಿಸಿದ. ಟಕ್.

ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಕುರಿ ತುಂಬಿದ ಲಾರಿ, ಅದರ ಹಿಂದೆ ಬಸ್ಸು. ಮುಂದೆ ಕಡಿದಾದ ಏರು. ಆರು ಜನ ತಳ್ಳಿದರೂ ಕಾರು ಮಿಸುಕಲಿಲ್ಲ. ಹಾರ್ನುಗಳು ಶುರುವಾದವು, ಕುರಿಗಳೂ ದನಿಗೂಡಿಸಿದವು. ಗುಡುಗಣ್ಣನ ಕಿವಿ ಕೆಂಪಾಯಿತು.

ಅಲ್ಲಿಯವರೆಗೆ ಮಡಿಲಲ್ಲಿ ಚೀಲವಿಟ್ಟುಕೊಂಡು ಸುಮ್ಮನೆ ಕೂತಿದ್ದ ಅತ್ತೆ ಬಾಯಿ ಬಿಟ್ಟರು. “ಅಳಿಯಂದಿರೇ, ದೊಡ್ಡ ಲೈಟ್ ಹಾಕಿ, ಇನ್ನೊಂದ್ಸಲ ತಿರುಗಿಸಿ.”

ಟಕ್. ಅತ್ತೆ ಇಳಿದು ಹೋಗಿ ದೀಪ ನೋಡಿದರು. “ಮತ್ತೆ.” ಟಕ್.

“ಲೈಟ್ ಒಂಚೂರೂ ಮಂಕಾಗ್ಲಿಲ್ಲ. ಬ್ಯಾಟರಿ ಗಟ್ಟಿಯಾಗೇ ಇದೆ, ಆದರೆ ಅದಕ್ಕೆ ಯಾರೂ ಕೆಲಸ ಹೇಳ್ತಿಲ್ಲ.” ಲಾಂಚಿನವನ ಕಡೆ ತಿರುಗಿದರು. “ನಿಮ್ಮ ಎಂಜಿನ್ ಕೋಣೇಲಿ ಕರೆಂಟ್ ನೋಡೋ ಮೀಟರ್ ಇರುತ್ತಲ್ಲ, ತನ್ನಿ. ಒಂದು ತುಂಡು ವೈರೂ ಬೇಕು.”

ಅವರು ಕೇಳಿದ ರೀತಿಗೆ ಲಾಂಚಿನವನು ಓಡಿಹೋಗಿ ತಂದುಕೊಟ್ಟ. ಗುಡುಗಣ್ಣ ಕಾರಿನ ಕೆಳಗೆ ತೂರಿ, ಮೊಣಕೈ ಸುಟ್ಟುಕೊಂಡು, ಸೆಲ್ಫ್ ಮೋಟರಿನಲ್ಲಿ ಚಾವಿಯ ವೈರು ಸೇರುವ ಸಣ್ಣ ತುದಿಗೆ ಮೀಟರಿನ ಕಡ್ಡಿ ಮುಟ್ಟಿಸಿದ. ಹಾಲಿನ ವ್ಯಾನಿನವನು ಚಾವಿ ತಿರುಗಿಸಿದ. ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್. ಇಲ್ಲಿಗೆ ಬಂದು ಮುಟ್ಟಿದ್ದು ಬರೀ ಏಳು.

“ಐದು ದಾರೀಲೇ ಸೋರಿ ಹೋಗ್ತಿದೆ” ಅಂದರು ಅತ್ತೆ, ಬಾನೆಟ್ಟಿನೊಳಗೆ ಬಗ್ಗಿ ನೋಡುತ್ತಾ. “ಚಾವಿಯ ಸ್ವಿಚ್ಚು ಹಳೇದು. ಅಲ್ಲಿಂದ ಬರೋ ವೈರು ಕೂದಲಷ್ಟು ತೆಳ್ಳಗಿದೆ. ಅದನ್ನೂ ನೀವು ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಮಲಗಿಸಿದ್ದೀರಿ. ಬಿಸಿಯಾದ್ರೆ ವೈರಿಗೂ ಸುಸ್ತು, ಮೋಟರಿಗೂ ಸುಸ್ತು. ಈಗ ಬ್ಯಾಟರಿಯಿಂದ ನೇರ ಕೊಡೋಣ. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ತೆಗೀರಿ.”

ಆ ತುಂಡು ವೈರಿನ ಒಂದು ತುದಿಯನ್ನು ಗುಡುಗಣ್ಣನಿಂದ ಮೋಟರಿನ ಅದೇ ಸಣ್ಣ ತುದಿಗೆ ಕಟ್ಟಿಸಿ, ಅವನನ್ನು ಕೆಳಗಿನಿಂದ ಎಬ್ಬಿಸಿ, ಚಾವಿ ಆನ್ ಮಾಡಿಸಿ, ಇನ್ನೊಂದು ತುದಿಯನ್ನು ಅತ್ತೆ ತಾವೇ ಬ್ಯಾಟರಿಗೆ ಮುಟ್ಟಿಸಿದರು. ಎಂಟೂ ಸಿಲಿಂಡರು ಒಟ್ಟಿಗೆ ಗುಡುಗಿದವು. ಕುರಿಗಳು ಗಪ್‌ಚಿಪ್ಪಾದವು.

ಗೆಳತಿಯ ಮನೆಯಲ್ಲಿ ಆ ದಿನ ಸಭೆ ನಡೆಯಲೇ ಇಲ್ಲ. ನಾಲ್ಕು ಜನ ನಿವೃತ್ತರು, ಎಲ್ಲರಿಗೂ ಅರವತ್ತು ದಾಟಿತ್ತು, ತಿಂಡಿ ತಟ್ಟೆಗಳನ್ನು ಬಿಟ್ಟು ಬಾನೆಟ್ಟಿನೊಳಗೆ ತಲೆ ತೂರಿಸಿದರು. ಅಲ್ಲಿನ ಪೇಟೆಯಿಂದ ಒಂದು ರಿಲೇ, ಎರಡು ಗಜ ದಪ್ಪ ವೈರು ತರಿಸಿದರು. ಇನ್ನು ಮೇಲೆ ಚಾವಿ ರಿಲೇಯನ್ನು ಎಬ್ಬಿಸಿದರೆ ಸಾಕು. ಮೋಟರಿಗೆ ಬೇಕಾದ ಕರೆಂಟನ್ನು ರಿಲೇ ಬ್ಯಾಟರಿಯಿಂದಲೇ ಕೊಡುತ್ತದೆ. ವೈರು ಪೈಪಿನಿಂದ ದೂರ ಹೋಗಲಿ ಎಂದು ಒಬ್ಬರು, ಯಾವ ಕಡೆಯಿಂದ ಹೋಗಬೇಕೆಂದು ಇನ್ನೊಬ್ಬರು ವಾದಕ್ಕಿಳಿದು, ಇಪ್ಪತ್ತು ವರ್ಷದ ಹಿಂದಿನ ಜಗಳವನ್ನೂ ಅದರ ಜೊತೆಗೇ ಬಿಚ್ಚಿದರು. ಅತ್ತೆಯ ಮುಖದ ಮೇಲೆ ಗುಡುಗಣ್ಣ ಈ ಹಿಂದೆ ಕಾಣದ ಕಳೆಯಿತ್ತು. ಅವನಿಗೆ ಒಳಗೊಳಗೇ ನಾಚಿಕೆಯಾಯಿತು.

“ಅತ್ತೆ, ಇಷ್ಟು ದಿನ ನೀವು ಯಾಕೆ ಹೇಳ್ಲಿಲ್ಲ?”

“ನೀವು ಪೋಸ್ಟ್ ಮಾಸ್ತರ್ರನ್ನ ಕೇಳ್ತಿದ್ರಲ್ಲ” ಅಂದರು ಅತ್ತೆ, ವೈರಿನ ತುದಿ ಸುಲಿಯುತ್ತಾ.

ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಇಪ್ಪತ್ತು ನಿಮಿಷ ಕಾದು ತಿರುಗಿಸಿದರು. ಟಕ್ ಅಂದದ್ದು ರಿಲೇ. ಅದರ ಬೆನ್ನಿಗೇ ಎಂಜಿನ್ ಎದ್ದಿತು.

ತಿಂಗಳು ಕಳೆಯುವಷ್ಟರಲ್ಲಿ ಅತ್ತೆ ಕಾರು ಕಲಿಯುತ್ತೇನೆ ಅಂದರು. ಮೊದಲ ದಿನ ಖಾಲಿ ಮೈದಾನದಲ್ಲಿ, ಕ್ಲಚ್ಚು ಸರಿಯಾಗಿ ಬಿಡಲಾಗದೆ, ಕಾದ ಎಂಜಿನ್ನನ್ನು ಹದಿನೇಳು ಸಲ ನಿಲ್ಲಿಸಿದರು. ಹದಿನೇಳು ಸಲವೂ ಅದು ಮತ್ತೆ ಸ್ಟಾರ್ಟ್ ಆಯಿತು. ಪಕ್ಕದಲ್ಲಿ ಕೂತಿದ್ದ ಗುಡುಗಣ್ಣ ಮಾತ್ರ, “ಇವತ್ತಿಗೆ ಸಾಕು ಅತ್ತೆ, ನಂಗೆ ಸುಸ್ತಾಯ್ತು” ಅಂದನಂತೆ.