ತುಳಸಮ್ಮನ ಆರು ಮೊಳದ ಭಾಷಣ

ಗುಬ್ಬಿಯ ತುಳಸಮ್ಮನ ಕತೆಗಳನ್ನು ನಿಜವಾಗಿ ಬರೆಯುವವರು ಅವರ ಯಜಮಾನರು ಎಂಬ ಗುಸುಗುಸು ಹುಟ್ಟಿದ್ದಕ್ಕೆ ಕಾರಣ ಅಕ್ಷರ. ತುಳಸಮ್ಮನದು ಕೋಳಿ ಕೆದಕಿದ ಹಾಗೆ. ತಾಲ್ಲೂಕು ಕಚೇರಿಯ ಗುಮಾಸ್ತ ಅನಂತರಾಮಯ್ಯನವರದು ಮುತ್ತು ಪೋಣಿಸಿದ ಹಾಗೆ. ಆಕೆ ಗೀಚಿದ್ದನ್ನು ಅವರು ಫೇರ್ ಕಾಪಿ ಮಾಡಿ ಪತ್ರಿಕೆಗೆ ಕಳಿಸುತ್ತಿದ್ದರು. ಊರಿಗೆ ಅಷ್ಟು ಸಾಕಾಯಿತು. ನಾಲ್ಕನೇ ಕ್ಲಾಸು ಓದಿದ ಹೆಂಗಸು ಕತೆ ಬರೆಯುವುದುಂಟೆ ಎಂಬ ಮಾತು ತಿರುಗಾಡಿ ತುಳಸಮ್ಮನ ಕಿವಿಗೂ ಬಿತ್ತು. ಆಕೆಗೆ ಮೈಯೆಲ್ಲ ಉರಿದುಹೋಯಿತು.

ಹಾಗಾಗಿ ೧೯೬೧ರಲ್ಲಿ ಕುಣಿಗಲ್ಲಿನ ಸಾಹಿತ್ಯ ಸಂಘವೊಂದು ಭಾನುವಾರದ ಗೋಷ್ಠಿಗೆ ಕರೆದು, ‘ನನ್ನ ಕತೆ ಹುಟ್ಟುವ ಬಗೆ’ ಎಂದು ಹತ್ತು ನಿಮಿಷ ಮಾತಾಡಿ ಎಂದಾಗ ಆಕೆ ಹಿಂದೆಮುಂದೆ ನೋಡದೆ ಒಪ್ಪಿದರು. ಎಲ್ಲರೆದುರು ಮಾತಾಡಿಬಿಟ್ಟರೆ ಊರ ಬಾಯಿ ಮುಚ್ಚುತ್ತದಲ್ಲ. ಒಪ್ಪಿದ ಮರುದಿನದಿಂದಲೇ ಊಟ ಸೇರದಾಯಿತು.

ಹೆಂಡತಿಯ ಪಾಡು ನೋಡಲಾರದೆ ಅನಂತರಾಮಯ್ಯ ತಾವೇ ಕೂತು ಭಾಷಣ ಬರೆದುಕೊಟ್ಟರು. ಶನಿವಾರ ಮಧ್ಯಾಹ್ನ ಇಬ್ಬರೂ ಹೊರಟು, ತುಮಕೂರಿನಲ್ಲಿ ಬಸ್ಸು ಬದಲಾಯಿಸಿದರು. ದಾರಿಯುದ್ದಕ್ಕೂ ಪಾಠ.

“ಸಾಹಿತ್ಯವೆಂಬುದು ಮಾನವ ಚೇತನದ ಊರ್ಧ್ವಮುಖ ಪಯಣ. ಹೇಳು ತುಳಸಿ.”

“ಇದೇನೂಂದ್ರೆ, ಕಚೇರಿ ಆರ್ಡರ್ ಇದ್ದ ಹಾಗಿದೆ.”

“ಸಭೇಲಿ ಹಾಗೇ ಮಾತಾಡ್ಬೇಕು ಕಣೇ.”

ಹೆಬ್ಬೂರಿನಲ್ಲಿ ಹುಂಜ ಹಿಡಿದ ಮುದುಕಿಯೊಬ್ಬಳು ಹತ್ತಿ ಕಂಡಕ್ಟರನ ಜೊತೆ ಜಗಳಕ್ಕೆ ನಿಂತಾಗ ಪಾಠ ನಿಂತಿತು.

ಭಾನುವಾರ ಬೆಳಿಗ್ಗೆ ಕುಣಿಗಲ್ಲಿನ ಸಭೆ ತುಂಬಿತ್ತು. ಗುಬ್ಬಿಯವರೂ ನಾಲ್ಕು ಜನ ಬಂದಿದ್ದರು. ತೆಂಗಿನಕಾಯಿ ವ್ಯಾಪಾರಿ ಮೂಡಲಗಿರಿಯಪ್ಪನಂತೂ ಮುಂದಿನ ಬೆಂಚಿನಲ್ಲೇ ಕೂತಿದ್ದ. ತುಳಸಮ್ಮ ಮೈಕಿನ ಮುಂದೆ ಕಾಗದ ಬಿಚ್ಚಿ ‘ಸಾಹಿತ್ಯವೆಂಬುದು’ ಎಂದರು. ಮುಂದೆ ಬಾಯಿ ಏಳಲಿಲ್ಲ. ಇನ್ನೊಮ್ಮೆ ‘ಸಾಹಿತ್ಯವೆಂಬುದು’ ಎಂದರು. ಮೂಡಲಗಿರಿಯಪ್ಪ ಪಕ್ಕದವನನ್ನು ಮೊಣಕೈಯಿಂದ ತಿವಿದದ್ದು ಕಾಣಿಸಿತು.

ವೇದಿಕೆಯ ಮೂಲೆಯಲ್ಲಿ ಮಹಿಳಾ ಸಮಾಜದ ಶಕುಂತಲಮ್ಮ ಅಧ್ಯಕ್ಷರ ಹಾರಕ್ಕೆ ಇನ್ನೂ ಹೂ ಕಟ್ಟುತ್ತಿದ್ದರು. ಪುಟ್ಟಿ ತುಂಬ ಸೇವಂತಿಗೆ, ಪಕ್ಕದಲ್ಲಿ ನೆನೆಸಿದ ಬಾಳೆನಾರು. ತುಳಸಮ್ಮನ ಕತೆಗಳೆಲ್ಲ ಹುಟ್ಟಿದ್ದು ಸಂಜೆ ಒಬ್ಬರೇ ಕೂತು ಹೂ ಕಟ್ಟುವಾಗ, ತಮಗೆ ತಾವೇ ಹೇಳಿಕೊಳ್ಳುತ್ತಾ. ಕೈ ಸುಮ್ಮನಿದ್ದರೆ ಆಕೆಗೆ ಮಾತು ಕೂಡಿಬರುತ್ತಿರಲಿಲ್ಲ.

“ಶಕುಂತಲಮ್ಮ, ಆ ಪುಟ್ಟಿ ಇತ್ತ ಕೊಡಿ.”

“ಅತಿಥಿಗಳು ನೀವು, ಹೂ ಕಟ್ಟೋದೇ?”

“ಕೊಡಿ, ಇಲ್ದಿದ್ರೆ ನಂಗೆ ಮಾತು ಬರಲ್ಲ.”

ಮೈಕನ್ನು ತಗ್ಗಿಸಲು ಹೇಳಿ ಚಾಪೆಯ ಮೇಲೆ ಕೂತೇಬಿಟ್ಟರು. ಎರಡೆರಡು ಹೂವಿಗೊಂದು ಗಂಟು ಬೀಳುತ್ತಿದ್ದಂತೆ ಮಾತು ಬಿಚ್ಚಿಕೊಂಡಿತು. ಹುಂಜಕ್ಕೂ ಟಿಕೆಟ್ ತಗೋ ಎಂದ ಕಂಡಕ್ಟರನಿಗೆ ಹೆಬ್ಬೂರಿನ ಮುದುಕಿ, “ಅದೇನು ಸೀಟಲ್ಲಿ ಕುಂತೈತಾ, ನನ್ ತೊಡೆ ಮ್ಯಾಲೆ ಕುಂತೈತೆ ಬುಡಪ್ಪ” ಎಂದದ್ದರಿಂದ ಶುರುಮಾಡಿದರು. ಆ ಹುಂಜ ಯಾರ ಮನೆಗೆ, ಮುನಿಸಿಕೊಂಡ ಮಗಳು ಬಾಗಿಲು ತೆಗೆದಳೋ ಇಲ್ಲವೋ ಎಂದು ಅಲ್ಲೇ ಹೊಸ ಕತೆ ಕಟ್ಟುತ್ತಾ ಹೋದರು. ಸಭೆ ನಕ್ಕು ನಕ್ಕು, ಕೊನೆಗೆ ಮೂಗು ಒರೆಸಿಕೊಂಡಿತು. ಹತ್ತು ನಿಮಿಷದ ಭಾಷಣ ಆರು ಮೊಳವಾಯಿತು. ಅಧ್ಯಕ್ಷರಿಗೆ ಹಾಕಿದ ಹಾರ ಅವರ ಮೊಣಕಾಲು ಮುಟ್ಟಿತು.

ಆದರೂ ಮೂಡಲಗಿರಿಯಪ್ಪ ಎದ್ದುನಿಂತ. “ಚೆನ್ನಾಗಿತ್ತಮ್ಮ. ಒಂದು ಅನುಮಾನ. ಇದನ್ನೂ ರಾಯರೇ ಬರ್ಕೊಟ್ಟಿದ್ರೋ ಏನೋ?”

ತುಳಸಮ್ಮನ ಮುಖ ಕೆಂಪಾಯಿತು. ಆಕೆ ಬಾಯಿ ತೆರೆಯುವ ಮೊದಲೇ, ಸಭೆಯಲ್ಲಿ ಎಂದೂ ಉಸಿರೆತ್ತದ ಅನಂತರಾಮಯ್ಯ ಹಿಂದಿನ ಸಾಲಿನಿಂದ ಎದ್ದರು.

“ನಾನು ಗುಮಾಸ್ತ, ಮೂಡಲಗಿರಿಯಪ್ಪನವ್ರೇ. ಇವಳ ಕತೆಗಳನ್ನ ಕಾಪಿ ಮಾಡಿದೀನಿ, ಅಷ್ಟೇ. ಸ್ವಂತವಾಗಿ ಬರೆದದ್ದು ಇವತ್ತಿನ ಭಾಷಣ ಒಂದೇ. ಅದರ ಮೊದಲನೇ ಪದಾನ ನೀವು ಎರಡು ಸಲ ಕೇಳಿದ್ರಿ. ಅಷ್ಟು ನನ್ನದು. ಆಮೇಲಿಂದೆಲ್ಲ ಅವಳದು.”

ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ತುಳಸಮ್ಮ ಕೇಳಿದ್ದು ಅದೇ ಮೊದಲು.