‘ಲಿಟ್ಲ್’ ಎಲ್ಲಿಡಬೇಕು?

ಕಳೆದುಹೋದ ಛತ್ರಿಯನ್ನು ಇಂಗ್ಲಿಷಿನಲ್ಲಿ ಹುಡುಕುವುದು ಕನ್ನಡದಲ್ಲಿ ಹುಡುಕಿದಷ್ಟು ಸುಲಭವಲ್ಲ. ಕನ್ನಡದಲ್ಲಾದರೆ ಮನೆಮಂದಿಯ ಮೇಲೆಲ್ಲ ಒಮ್ಮೆ ರೇಗಿದರೆ ಹುಡುಕಿದಂತೆಯೇ ಲೆಕ್ಕ. ಸಿಕ್ಕರೆ ಸರಿ, ಸಿಗದಿದ್ದರೆ ನೆನೆಯುವುದು. ‘ನೆನೆಯುವುದು’ ಎಂಬ ಒಂದೇ ಮಾತಿನಲ್ಲಿ ಮಳೆಯನ್ನೂ ಸ್ಮರಣೆಯನ್ನೂ ಮುಗಿಸಿಬಿಡುವ ಭಾಷೆ ನಮ್ಮದು. ಆದರೆ ಧಾರವಾಡದಿಂದ ಬಂದ ನಾನು ಆಗ ಪುಣೆ ಕ್ಯಾಂಪಿನ ಒಂದು ಕಚೇರಿಯಲ್ಲಿ ಟೈಪು ಕುಟ್ಟುವ ಗುಮಾಸ್ತ. ಛತ್ರಿ ಕಳೆದದ್ದು ಆ ಕಚೇರಿಯಲ್ಲಿ. ಅಲ್ಲಿ ಕಳೆದ ವಸ್ತುವನ್ನು ನೋಟೀಸ್ ಬೋರ್ಡಿನ ಮೇಲೆ, ಸಾಹೇಬರ ರುಜುವಿನೊಂದಿಗೆ, ಇಂಗ್ಲಿಷಿನಲ್ಲಿಯೇ ಹುಡುಕಬೇಕೆಂಬ ನಿಯಮವಿತ್ತು. ‘ಬ್ಲ್ಯಾಕ್ ಬಿಗ್ ಅಂಬ್ರೆಲಾ’ ಕಳೆದಿದೆಯೆಂದು ಬರೆದು ಒಯ್ದೆ. ಸಾಹೇಬರು ಛತ್ರಿಯ ಬಗ್ಗೆ ಒಂದು ಮಾತನ್ನೂ ಕೇಳದೆ, ಕೆಂಪು ಪೆನ್ಸಿಲಿನಿಂದ ‘ಬ್ಲ್ಯಾಕ್’ ಅನ್ನು ಎಬ್ಬಿಸಿ, ಆ ಜಾಗದಲ್ಲಿ ‘ಬಿಗ್’ ಅನ್ನು ಕೂರಿಸಿ, ನನ್ನತ್ತ ಕರುಣೆಯಿಂದ ನೋಡಿ ರುಜು ಮಾಡಿದರು. ‘ಬಿಗ್ ಬ್ಲ್ಯಾಕ್’ ಆದ ಮರುದಿನವೇ ಛತ್ರಿ ದಫ್ತರದ ಕಪಾಟಿನ ಹಿಂದೆ ಸಿಕ್ಕಿತು. ಕರಿಯ ದೊಡ್ಡದಾಗಿದ್ದಾಗ ಅಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಛತ್ರಿ ಸಿಕ್ಕ ಸಂತೋಷಕ್ಕಿಂತ ವ್ಯಾಕರಣ ತಪ್ಪಿದ ದುಃಖ ನನ್ನನ್ನು ಹೆಚ್ಚು ಕಾಡಿತು. ನೀವೇ ಹೇಳಿ, ದೊಡ್ಡ ಕರಿಯ ಛತ್ರಿಗೂ ಕರಿಯ ದೊಡ್ಡ ಛತ್ರಿಗೂ ಮಳೆ ಏನಾದರೂ ಭೇದ ಮಾಡುತ್ತದೆಯೇ? ನಮ್ಮ ವಿಶೇಷಣಗಳು ಊಟದ ಪಂಕ್ತಿಯಲ್ಲಿ ಜಾಗ ಸಿಕ್ಕಲ್ಲಿ ಕೂಡುವ ಸಜ್ಜನರು. ಇಂಗ್ಲಿಷರವು ಮಾತ್ರ ದರ್ಜೆ ನೋಡಿ ಕೂಡುತ್ತವೆ. ಗಾತ್ರದ ವಿಷಯದಲ್ಲಂತೂ ನಮ್ಮಷ್ಟು ಉದಾಸೀನರು ಬೇರೆ ಇಲ್ಲ. ನನ್ನ ದೊಡ್ಡಪ್ಪ ದೇಹದಲ್ಲಿ ನನ್ನ ಕಾಕಾನ ಅರ್ಧದಷ್ಟಿದ್ದರೂ ಸಾಯುವ ತನಕ ದೊಡ್ಡಪ್ಪನೇ ಆಗಿದ್ದ. ದೊಡ್ಡ ಹುದ್ದೆಯಲ್ಲಿ ಕುಳಿತು ಸಣ್ಣತನ ತೋರುವವನನ್ನು ‘ದೊಡ್ಡ ಸಣ್ಣ ಮನುಷ್ಯ’ ಎಂದು ಕರೆದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅವನೊಬ್ಬನನ್ನು ಬಿಟ್ಟು. ಇಂಗ್ಲಿಷಿನಲ್ಲಿ ‘ಗ್ರೇಟ್ ಬಿಗ್’ ಎನ್ನಬಹುದು, ‘ಬಿಗ್ ಗ್ರೇಟ್’ ಎಂದರೆ ಅಪಚಾರ. ‘ಪ್ರೆಟಿ’ ಎಂದರೆ ಚೆಲುವು, ಆದರೆ ‘ಪ್ರೆಟಿ ಬಿಗ್’ ಎಂದರೆ ಚೆಲುವಿನ ಸುಳಿವೂ ಇಲ್ಲ, ಸಾಕಷ್ಟು ದೊಡ್ಡದು ಎಂದಷ್ಟೇ. ಇಂಥ ಭಾಷೆಯವರು ನಮ್ಮ ಜಾತಿಪದ್ಧತಿಯನ್ನು ಕಂಡು ಮರುಗುತ್ತಿದ್ದರು.

ಸಾಮಾನ್ಯ ಗುಮಾಸ್ತನಾಗಿದ್ದರೆ ಒಂದು ತಪ್ಪನ್ನು ತಿದ್ದಿಕೊಂಡು ಸುಮ್ಮನಾಗುತ್ತಿದ್ದ. ನಾನು ಮೆಟ್ರಿಕ್ಕಿನಲ್ಲಿ ಇಂಗ್ಲಿಷಿಗೆ ಬಹುಮಾನ ಪಡೆದವನು. ಒಂದೇ ತಿದ್ದುಪಡಿಯಿಂದ ಇಡೀ ಶಾಸ್ತ್ರವನ್ನೇ ಹುಟ್ಟಿಸಿದೆ. ‘ಎಲ್ಲ ವಿಶೇಷಣಗಳಿಗಿಂತ ಗಾತ್ರವೇ ಮುಂದೆ’ ಎಂಬ ಸೂತ್ರವನ್ನು ಒಂದು ವಹಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಮಧ್ಯಾಹ್ನದ ಡಬ್ಬಿ ಬಿಚ್ಚುವ ವೇಳೆಯಲ್ಲಿ ಸಹೋದ್ಯೋಗಿಗಳಿಗೆ ಬೋಧಿಸತೊಡಗಿದೆ. ಒಬ್ಬೊಬ್ಬರಾಗಿ ಎಲ್ಲರೂ ಬೇರೆ ಕೋಣೆಯಲ್ಲಿ ಉಣ್ಣಲು ಕಲಿತರು. ಕೊನೆಗೆ ಉಳಿದ ಶಿಷ್ಯರು ಒಬ್ಬರೇ, ನನ್ನ ಪಕ್ಕದ ಮೇಜಿನ ಗುರುನಾಥರಾಯರು.

ಗುರುನಾಥರಾಯರು ಬೆಳಗಾವಿಯವರು, ಅದೇ ಕಚೇರಿಯಲ್ಲಿ ಹದಿನೈದು ವರ್ಷ ಸವೆಸಿದವರು. ಎತ್ತರದಲ್ಲಿ ನನ್ನ ಹೆಗಲಿಗೂ ಬರುತ್ತಿರಲಿಲ್ಲ. ಎತ್ತರದ ಬೀರುವಿನಿಂದ ಕಾಗದ ತೆಗೆಯಲು ಸ್ಟೂಲು ಹತ್ತುತ್ತಿದ್ದರು, ಇಳಿದ ಮೇಲೆ ಅದನ್ನು ಒರೆಸಿಡುತ್ತಿದ್ದರು. ಅವರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಇದ್ದದ್ದು ಪುಣೆಗೆ ಹತ್ತಿರದ ಭೋರ ಎಂಬ ಊರಿನಲ್ಲಿ, ಹೆಂಡತಿಯ ತವರಿನಲ್ಲಿ. ಅತ್ತೆ ಹಾಸಿಗೆ ಹಿಡಿದಿದ್ದರು, ಅವರಿಗೆ ಒಬ್ಬಳೇ ಮಗಳು. ಆದ್ದರಿಂದ ಏಳು ವರ್ಷಗಳಿಂದ ಸಂಸಾರ ಅಲ್ಲಿ, ರಾಯರು ಇಲ್ಲಿ ಒಂಟಿ ಖೋಲಿಯಲ್ಲಿ, ಖಾನಾವಳಿಯ ಅನ್ನದ ಮೇಲೆ. ಶನಿವಾರ ಮಧ್ಯಾಹ್ನ ಭೋರಿನ ಮೋಟಾರು ಹಿಡಿಯುವುದು, ಸೋಮವಾರ ಬೆಳಿಗ್ಗೆ ಮರಳುವುದು. ಹೀಗಿರುವಾಗ ಭೋರಿನಲ್ಲೇ ಒಂದು ಕಚೇರಿಗೆ ಇಂಗ್ಲಿಷ್ ಪತ್ರವ್ಯವಹಾರ ಬಲ್ಲ ಕಾರಕೂನ ಬೇಕೆಂದು ತಿಳಿಯಿತು. ರಾಯರ ಮುಖದಲ್ಲಿ ಅಂಥ ಹೊಳಪನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇಕಾದದ್ದು ಸಾಹೇಬರ ಒಂದು ಶಿಫಾರಸು ಪತ್ರ ಮಾತ್ರ.

ಸಾಹೇಬರು ಅಂದು ಸಂಜೆಯೇ ದೀರ್ಘ ರಜೆಯ ಮೇಲೆ ವಿಲಾಯತಿಗೆ ಹೊರಟಿದ್ದರು. ಗಡಿಬಿಡಿಯಲ್ಲೂ ನಾಲ್ಕು ಸಾಲು ಗೀಚಿ ನನ್ನ ಕೈಗಿತ್ತರು. ಪ್ರಾಮಾಣಿಕ, ಸಮಯಪಾಲಕ ಎಂದೆಲ್ಲ ಬರೆದು, ಕೊನೆಯಲ್ಲಿ ‘ಎ ಗುಡ್ ಲಿಟ್ಲ್ ಕ್ಲಾರ್ಕ್’ ಎಂದು ಮುಗಿಸಿದ್ದರು. ನನ್ನ ಬೆರಳುಗಳು ಟೈಪ್‌ರೈಟರಿನ ಮೇಲೆಯೇ ನಿಂತವು. ಗುಣ ಮುಂದೆ, ಗಾತ್ರ ಹಿಂದೆ! ನನಗೆ ಕಲಿಸಿದ ಗುರುವೇ ಅವಸರದಲ್ಲಿ ಎಡವಿದ್ದಾರೆ, ಸಮುದ್ರಯಾನಕ್ಕೆ ಮುನ್ನ ಅವರ ಮಾನ ಕಾಪಾಡುವುದು ನನ್ನ ಧರ್ಮ ಎಂದುಕೊಂಡು, ‘ಎ ಲಿಟ್ಲ್ ಗುಡ್ ಕ್ಲಾರ್ಕ್’ ಎಂದು ಟೈಪು ಮಾಡಿದೆ. ನನ್ನ ಕೆಲಸದ ಮೇಲೆ ಅಪಾರ ವಿಶ್ವಾಸವಿದ್ದ ಸಾಹೇಬರು ಓದದೆಯೇ ರುಜು ಹಾಕಿ, ಲಕೋಟೆ ಮುಚ್ಚಿಸಿ, ಸ್ಟೇಶನ್ನಿಗೆ ಹೊರಟುಹೋದರು. ನಾನು ಅಂದು ತೃಪ್ತಿಯಿಂದ ಎರಡು ಕಪ್ ಚಹಾ ಕುಡಿದೆ.

ರಾಯರು ಭೋರಿನಿಂದ ಮರಳಿದ ಸೋಮವಾರ ಅವರ ಮುಖ ನೋಡಿ ನಾನೇ ಕೇಳಿದೆ, “ಏನಾತ್ರಿ?”

“ಅಲ್ಲಿ ದೊಡ್ಡ ಅಧಿಕಾರಿ ಪತ್ರ ಒಡದು ಗಟ್ಟಿಯಾಗಿ ಓದಿದ್ರು” ಎಂದರು ರಾಯರು. “ಬಾಜೂಕ ಕುಂತವರಿಗೆ ಮರಾಠಿಯೊಳಗ ಅರ್ಥ ಮಾಡಿ ಹೇಳಿದ್ರು. ‘ಥೋಡಾ ಚಾಂಗ್ಲಾ ಕಾರಕೂನ’ ಅಂತ. ಸ್ವಲ್ಪ ಚಲೋ ಕಾರಕೂನ ಅಂತ್ರಿ. ಎಲ್ಲಾರೂ ನಕ್ರು. ನಮಗ ಪೂರ್ತಿ ಚಲೋ ಇದ್ದಾವ ಬೇಕಾಗ್ಯಾನ ಅಂತ ಹೇಳಿ ಕಳಿಸಿದ್ರು.”

ಅವರೇ ಮುಂದುವರಿಸಿದರು.

“ಹದಿನೈದು ವರ್ಷ ಅವರ ಕೈಯಾಗ ದುಡದೆ. ಸಾಹೇಬ್ರಿಗೆ ನನ್ನ ಮ್ಯಾಲೆ ಸಿಟ್ಟ ಇರಲಿಲ್ರಿ, ಖರೇ ಅನಿಸಿದ್ದನ್ನ ಬರದಿರಬೇಕು. ನನಗ ಅಷ್ಟ ಗೊತ್ತಿರಲಿಲ್ಲ, ನಾ ಬರೇ ಸ್ವಲ್ಪ ಚಲೋ ಅಂತ.” ಮತ್ತೆ ಹೇಳಿದರು, “ಸಣ್ಣ ಮಗಳು ನನ್ನ ಅಂಗಿ ಇಡ್ಲಿಕ್ಕೆ ಅಂತ ಕಪಾಟಿನ್ಯಾಗ ಒಂದ ಖಣ ಖಾಲಿ ಮಾಡಿ ಇಟ್ಟಿದ್ಲು.”

ಇಂಥ ಹೊತ್ತಿನಲ್ಲಿ ಮನುಷ್ಯನಾದವನು ತಪ್ಪೊಪ್ಪಿಕೊಳ್ಳುತ್ತಾನೆ. ವ್ಯಾಕರಣಜ್ಞನಾದ ನಾನು ಆಧಾರ ಹುಡುಕಲು ಹೋದೆ. ಸೂತ್ರ ಸರಿಯಿದ್ದರೆ ನಾನು ನಿರಪರಾಧಿ ಎಂಬ ಆಸೆಯಿಂದ, ಎಂಟು ದಿನ ದಫ್ತರದ ಧೂಳಿನಲ್ಲಿ ಕುಳಿತು ಸಾಹೇಬರ ಹಳೆಯ ಪತ್ರಗಳನ್ನೆಲ್ಲ ಜಾಲಾಡಿದೆ. ಎಲ್ಲೆಲ್ಲೂ ಒಂದೇ ಕಥೆ: ಮುದ್ದಾದ ಸಣ್ಣ ಬಂಗಲೆ, ದರಿದ್ರ ಸಣ್ಣ ಕುದುರೆ, ಅಸಹ್ಯ ದೊಡ್ಡ ಹಲ್ಲಿ. ಬಣ್ಣಕ್ಕಿಂತ ಗಾತ್ರ ಮುಂದೆ, ನಿಜ. ಆದರೆ ಗಾತ್ರಕ್ಕಿಂತಲೂ ಮುಂದೆ, ಎಲ್ಲಕ್ಕಿಂತ ಮುಂದೆ, ಸಾಹೇಬರ ಅಭಿಪ್ರಾಯ. ಮೊದಲು ತಮಗೆ ಅದು ಸೇರುತ್ತದೆಯೋ ಇಲ್ಲವೋ ಎಂಬುದು, ಆಮೇಲೆ ಅದರ ಗಾತ್ರ, ಆಮೇಲೆ ವಯಸ್ಸು, ಆಮೇಲೆ ಬಣ್ಣ, ಆಮೇಲೆ ದೇಶ, ಎಲ್ಲ ಮುಗಿದ ಮೇಲೆ, ಜಾಗ ಉಳಿದಿದ್ದರೆ, ಆ ಪದಾರ್ಥ. ಹೀಗೆ ನೋಡುವುದನ್ನು ತೊಟ್ಟಿಲಲ್ಲೇ ಕಲಿತವರಿಗೆ ಒಂದು ದೇಶವನ್ನು ಆಳುವುದು ಏನು ಕಷ್ಟ? ಇಷ್ಟು ಸರಳವಾದ ರಾಜ್ಯಶಾಸ್ತ್ರ ನನಗೆ ಮೆಟ್ರಿಕ್ಕಿನ ಬಹುಮಾನದ ಹೊರೆಯಲ್ಲಿ ಕಾಣಿಸಿರಲಿಲ್ಲ.

ಭೋರಿಗೆ ನಾಲ್ಕು ಪುಟಗಳ ಕಾಗದ ಬರೆದೆ. ತಪ್ಪು ಟೈಪಿನದೆಂದೂ, ಇಂಗ್ಲಿಷಿನ ವಿಶೇಷಣಗಳ ಕ್ರಮ ಹೀಗೆ ಹೀಗೆಂದೂ ಸೋದಾಹರಣವಾಗಿ ವಿವರಿಸಿದೆ. ಜಾಗ ತುಂಬಿದೆ ಎಂದು ಒಂದು ಸಾಲಿನ ಉತ್ತರ ಬಂತು. ಅದರಲ್ಲಿ ವಿಶೇಷಣ ಒಂದೂ ಇರಲಿಲ್ಲ. ಆ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು, ಅಂದು ಡಬ್ಬಿಯ ವೇಳೆಯಲ್ಲಿ, ನಾಚಿಕೆಯಿಂದ ಕುಗ್ಗಿ, ರಾಯರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಕೆಳಗಿಟ್ಟರು. “ಹಂಗಾರ ಸಾಹೇಬ್ರು ಬರದದ್ದು ಏನಿತ್ರಿ?”

“ಗುಡ್ ಲಿಟ್ಲ್ ಕ್ಲಾರ್ಕ್.”

“ಚಲೋ ಸಣ್ಣ ಕಾರಕೂನ” ಎಂದು ಅವರು ನಿಧಾನವಾಗಿ ಕನ್ನಡಕ್ಕೆ ಇಳಿಸಿದರು. “ನಿಮ್ಮ ಮ್ಯಾಲೆ ಭಾಳ ಸಿಟ್ಟ ಬಂದದ ರೀ, ಸುಳ್ಳ ಯಾಕ ಹೇಳ್ಲಿ. ಮಕ್ಕಳ ಕೂಡ ಇರತಿದ್ದೆ ನಾ. ಆದ್ರ ಒಂದ ಮಾತ ಕೇಳತೀನಿ, ನೀವು ಇದರಾಗ ಬಲ್ಲವ್ರು. ಮುಂದ ಇಟ್ರ ನಾ ಸ್ವಲ್ಪ ಚಲೋ. ಹಿಂದ ಇಟ್ರ ಚಲೋ ಸಣ್ಣಾಂವ. ಹದಿನೈದು ವರ್ಷ ಆತು. ಆ ಲಿಟ್ಲ್ ಎಲ್ಲಿಟ್ರ ಅದು ಹೋಗತದ ರೀ?”

ಅಂದೇ ನನ್ನ ಸೂತ್ರದ ವಹಿಯನ್ನು ಹರಿದು ರದ್ದಿ ಬುಟ್ಟಿಗೆ ಹಾಕಿದೆ. ಈ ತ್ಯಾಗದಿಂದ ರಾಯರಿಗೆ ಯಾವ ಉಪಯೋಗವೂ ಆಗಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮುಂದಿನ ಶನಿವಾರ ಒಂದೇ ಸಮನೆ ಮಳೆ. ರಾಯರು ಎಂದಿನಂತೆ ಭೋರಿನ ಮೋಟಾರಿಗೆ ಹೊರಟು, ಕಚೇರಿಯ ಮೆಟ್ಟಿಲ ಮೇಲೆ ನಿಂತು ಮುಗಿಲು ನೋಡುತ್ತಿದ್ದರು. ನನ್ನ ಛತ್ರಿಯನ್ನು ಅವರ ಕೈಗೆ ತುರುಕಿದೆ.

“ನನಗ ಇದು ದೊಡ್ಡದಾಗತದ ರೀ” ಎಂದರು.

“ಮಕ್ಕಳನ್ನೂ ಕರಕೊಂಡು ಹಿಡೀರಿ” ಎಂದೆ. ಅವರು ನಗಲಿಲ್ಲ, ಆದರೆ ಒಯ್ದರು.

ಸೋಮವಾರ ಬರಿಗೈಯಲ್ಲಿ, ತೊಯ್ದು ತೊಪ್ಪೆಯಾಗಿ ಬಂದರು. ನಾನು ಕೇಳುವ ಮೊದಲೇ ಸಂಕೋಚದಿಂದ ಹೇಳಿದರು, “ಸಣ್ಣ ಮಗಳು ಛತ್ರಿ ಕೊಡಲೇ ಇಲ್ರಿ. ನನ್ನ ಅಂಗಿಗೆ ಖಾಲಿ ಮಾಡಿದ್ಲಲ್ಲ, ಆ ಖಣದಾಗ ಅಡ್ಡ ತುರುಕ್ಯಾಳ. ಅಪ್ಪಂದು ಏನರ ಒಂದು ಇಲ್ಲಿರಲಿ ಅಂತಾಳ. ಅದು ನಂದಲ್ಲ ಅಂತ ಹೇಳಲಿಕ್ಕೆ ನನಗ ಬಾಯಿ ಬರಲಿಲ್ರಿ. ಕಪಾಟಿನ ಕದಾ ಹಾಕಲಿಕ್ಕೆ ಬರವೊಲ್ಲದು, ಅಷ್ಟ ದೊಡ್ಡದದ.”

“ಅದು ನಿಮ್ಮದೇ ರೀ” ಎಂದೆ.

ಈ ಸಲ ನೋಟೀಸು ಬರೆಯಲಿಲ್ಲ. ಸಂಜೆ ಕ್ಯಾಂಪಿನಿಂದ ಪೇಟೆಯ ಕಡೆಗೆ, ಜಡಿಮಳೆಯಲ್ಲಿ ಸೈಕಲ್ಲು ತುಳಿಯುತ್ತಾ, ಮುಚ್ಚಲಾರದ ಕದದ ಆ ಕಪಾಟನ್ನು ಎರಡೂ ಅರ್ಥದಲ್ಲಿ ನೆನೆಯುತ್ತಾ ಮನೆ ಸೇರಿದೆ.