ಫೋಟೊದಲ್ಲಿರುವ ಹುಡುಗಿ

ರಾಮನಗರದ ನಮ್ಮ ಶಾಲೆಗೆ ಯಾರೇ ಹೊಸಬರು ಬರಲಿ, ನಿಖಾತ್ ಟೀಚರ್ ಪರ್ಸಿನಿಂದ ಪತ್ರಿಕೆಯಲ್ಲಿ ಬಂದ ಹಳೆಯ ಫೋಟೊ ತೆಗೆದು ತೋರಿಸುತ್ತಾರೆ. ರೇಷ್ಮೆಗೂಡು ಬೇಯುವ ನೀರಿಗೆ ಕೈ ಹಾಕಿ ನಿಂತ ಹುಡುಗಿ. ಹಬೆಯಲ್ಲಿ ಅರ್ಧ ಮುಖ ಕಾಣದು. "ಇದು ನಾನೇ ಕಣ್ರೀ. ಈ ಫೋಟೊ ನೋಡಿ ಲೇಬರ್ ಆಫೀಸರು ಬಂದು ನನ್ನ ಸ್ಕೂಲಿಗೆ ಸೇರಿಸ್ಬುಟ್ರು," ಎನ್ನುತ್ತಾರೆ. ಮರುಗಳಿಗೆ ಕನ್ನಡಕ ಏರಿಸಿ, "ನಾನೇ ಅಲ್ವಾ?" ಎಂದು ನಮ್ಮನ್ನೇ ಕೇಳುತ್ತಾರೆ. ಹೌದೆಂದರೆ ಸಮಾಧಾನವಿಲ್ಲ, ಗೊತ್ತಿಲ್ಲವೆಂದರೆ ಆ ದಿನ ಅವರು ಊಟವನ್ನೇ ಮಾಡುವುದಿಲ್ಲ. ಮೊನ್ನೆ ಅವರ ಅಕ್ಕ ಮುನ್ನೀ ಶಾಲೆಗೆ ಬಂದಾಗ ನಾನು ಟೀಚರ್ ಎದುರೇ ಆ ಫೋಟೊವನ್ನು ಆಕೆಗೆ ತೋರಿಸಿದೆ. ಇಂದಿಗೂ ಗೂಡಿನಿಂದ ನೂಲು ತೆಗೆಯುವ ಆಕೆ ನಕ್ಕರು: "ನಾನೇ ಇದು. ಆಫೀಸರು ಬಂದಾಗ ನೀರು ತರೋಕೋಗಿದ್ದೆ. ಇವಳು ಸಿಕ್ಕಿದ್ಲು, ಫೋಟೊದೋಳು ಇವಳೇ ಅಂತ ಕರ್ಕೊಂಡೋದ್ರು. ಓದ್ಲಿ ಅಂತ ಸುಮ್ಕಿದ್ದೆ." ಬೆಲ್ ಹೊಡೆಯಿತು. ತಾವು ಯಾವ ತರಗತಿಗೆ ಹೋಗಬೇಕೆಂದು ನಿಖಾತ್ ಟೀಚರ್ ನನ್ನನ್ನು ಕೇಳಿದರು.